ಪಾನಿವಾಲಿ ಬಾಯಿ ಮತ್ತು ಪಾಲಿಕೆಯ ಬಜೆಟ್

ಗೋರೆಗಾಂವ್‌ನ ಎಸ್.ವಿ. ರಸ್ತೆಯ ಕಡೆಯಿಂದ ಹೈವೇಗೆ ಹೋಗುವ ಮೇಲ್ಸೇತುವೆಗೆ ಮೃಣಾಲ್‌ತಾಯಿ ಗೋರೆ ಅವರ ಹೆಸರಿದೆ. ಕೆಲಸದ ಧಾವಂತದಲ್ಲಿ ನಮ್ಮಲ್ಲಿ ಅನೇಕರು ಅದರ ಮೇಲೆ ಹಾದುಹೋಗುತ್ತಿರುತ್ತೇವೆ. ಯಾರು ಈ ಮೃಣಾಲ್‌ತಾಯಿ ಎಂದು ಇಲ್ಲಿನ ಹಳಬರನ್ನು ಕೇಳಿದರೆ, 'ಪಾನಿವಾಲಿ ಬಾಯಿ' ಎನ್ನುತ್ತಾರೆ. ನೀರಿನವಳು!

ಈ ಹೆಸರಿನ ಮೂಲ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಗೋರೆಗಾಂವ್‌ನ ಪೂರ್ವಕ್ಕೆ, ಆರೆಯ ಹಸಿರಿನಾಚೆ ವಿಹಾರ್ ಕೆರೆಯಿದೆ. 1860ರಲ್ಲಿ ಅದರ ನೀರು ಕೊಳವೆಗಳಲ್ಲಿ ದಕ್ಷಿಣದ ಬೊಂಬಾಯಿ ಶಹರಕ್ಕೆ ಹರಿಯಿತು. ಆಮೇಲೆ ತುಳಸಿ, 1892ರಲ್ಲಿ ತಾನ್ಸಾ. ಕೆರೆ ಪಕ್ಕದಲ್ಲೇ ಇದ್ದರೂ ಗೋರೆಗಾಂವ್ ಶಹರದ ಗಡಿಯ ಹೊರಗಿನ ಹಳ್ಳಿಯಾಗಿತ್ತು. 1957ರಲ್ಲಿ ಪಾಲಿಕೆಯ ಗಡಿ ದಹಿಸರ್‌ವರೆಗೆ ಬೆಳೆದಾಗ ಗೋರೆಗಾಂವ್ ಕೂಡ ಮುಂಬೈ ಆಯಿತು. ಗಡಿ ಸರಿಯಲು ಒಂದು ಕಾನೂನು ಸಾಕಾಗಿತ್ತು. ನಳ ಬರಲು ಅಷ್ಟು ಸಾಕಾಗಲಿಲ್ಲ.

ಪಾಲಿಕೆಯ ಹಣದ ದಾರಿ ಹೀಗಿದೆ. 1888ರ ಕಾಯಿದೆಯ ಪ್ರಕಾರ ಬಜೆಟ್ ತಯಾರಿಸುವವರು ರಾಜ್ಯ ಸರಕಾರ ನೇಮಿಸಿದ ಆಯುಕ್ತರು. ಅದು ಸ್ಥಾಯಿ ಸಮಿತಿಗೆ ಹೋಗಿ, ಅಲ್ಲಿ ತಿದ್ದುಪಡಿಯಾಗಿ, ನಗರಸೇವಕರ ಪೂರ್ಣ ಸಭೆಗೆ ಬರಬೇಕು. ಅದೇ ಕಾಯಿದೆ ಕೆಲಸಗಳನ್ನು ಎರಡು ಪಾಲು ಮಾಡಿದೆ: 61ನೇ ಕಲಮಿನಲ್ಲಿರುವವು ಮಾಡಲೇಬೇಕಾದವು, 63ರಲ್ಲಿರುವವು ಬೇಕಿದ್ದರೆ ಮಾಡಬಹುದಾದವು. ನೀರು, ಚರಂಡಿ, ಪ್ರಾಥಮಿಕ ಶಾಲೆ ಮೊದಲ ಪಾಲಿನಲ್ಲಿವೆ. ಆದರೆ ಮಾಡಲೇಬೇಕು ಎಂದ ಕಾನೂನು, ಯಾವ ಬೀದಿಗೆ ಮೊದಲು ಎಂದು ಹೇಳುವುದಿಲ್ಲ. ಅದನ್ನು ಸಭೆಯಲ್ಲಿ ಎದ್ದುನಿಂತು ಕೇಳುವವರು ಬೇಕು.

ಗೋರೆಗಾಂವ್‌ಗೆ ಅಂಥವರು 1961ರಲ್ಲಿ ಸಿಕ್ಕರು. ಸಮಾಜವಾದಿ ಚಳವಳಿಗಾಗಿ ವೈದ್ಯಕೀಯ ಓದನ್ನು ಬಿಟ್ಟಿದ್ದ, 1958ರಲ್ಲಿ ಪತಿ ಕೇಶವ ಗೋರೆಯವರನ್ನು ಕಳೆದುಕೊಂಡಿದ್ದ ಮೃಣಾಲ್ ಪಾಲಿಕೆಗೆ ಆರಿಸಿ ಬಂದರು. ಸಭೆಯ ಒಳಗೆ ಪ್ರಶ್ನೆ, ಹೊರಗೆ ಖಾಲಿ ಕೊಡ ಹಿಡಿದ ಹೆಂಗಸರ ಮೋರ್ಚಾ. ಕೊಡ ಹೊರುವವರಿಗೇ ಗೊತ್ತಿದ್ದ ಲೆಕ್ಕವನ್ನು ಅವರು ಬಜೆಟ್‌ನ ಲೆಕ್ಕದ ಎದುರು ಇಟ್ಟರು. 1977ರಲ್ಲಿ ಅವರು ಲೋಕಸಭೆಗೆ ಗೆದ್ದು, ಇಂದಿರಾ ಗಾಂಧಿ ಸೋತಾಗ, 'ಪಾನಿವಾಲಿ ಬಾಯಿ ದಿಲ್ಲಿಗೆ, ದಿಲ್ಲಿವಾಲಿ ಬಾಯಿ ನೀರಿಗೆ' ಎಂಬರ್ಥದ ಘೋಷಣೆ ಮುಂಬೈಯಲ್ಲಿ ಮನೆಮಾತಾಯಿತು.

ಹೋರಾಟ ಅಲ್ಲಿಗೇ ಮುಗಿಯಲಿಲ್ಲ. 1995ರ ನಂತರದ ಜೋಪಡಿಗಳಿಗೆ ನೀರು ಕೊಡಬಾರದೆಂಬ ಸರಕಾರಿ ಧೋರಣೆಯನ್ನು ಪಾನಿ ಹಕ್ ಸಮಿತಿ ಪ್ರಶ್ನಿಸಿತು. ನೀರು ಬದುಕುವ ಹಕ್ಕಿನ ಭಾಗ, ಜೋಪಡಿ ಅಕ್ರಮವಾದರೂ ಅಲ್ಲಿರುವವರಿಗೆ ಅದನ್ನು ಪೂರ್ತಿ ನಿರಾಕರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರ ಡಿಸೆಂಬರ್‌ನಲ್ಲಿ ಹೇಳಿತು. ಮೃಣಾಲ್‌ತಾಯಿ ಅದನ್ನು ನೋಡಲು ಇರಲಿಲ್ಲ, 2012ರಲ್ಲಿ ತೀರಿಕೊಂಡಿದ್ದರು.

2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿ ಆಯುಕ್ತರೇ ಆಡಳಿತಾಧಿಕಾರಿ. ಬಜೆಟ್ ಬರೆದವರೂ ಅವರೇ, ಒಪ್ಪಿಗೆ ಕೊಟ್ಟವರೂ ಅವರೇ. 2025-26ರ ಬಜೆಟ್ 74,000 ಕೋಟಿ ರೂಪಾಯಿ ದಾಟಿತು. ಗೋರೆಗಾಂವ್-ಮುಲುಂಡ್ ನಡುವಿನ 12 ಕಿಲೋಮೀಟರ್ ಉದ್ದದ ರಸ್ತೆ, ರಾಷ್ಟ್ರೀಯ ಉದ್ಯಾನದ ಅಡಿಯ ಜೋಡಿ ಸುರಂಗ ಎಲ್ಲ ಈ ಕಾಲದಲ್ಲೇ ಮುಂದುವರಿದವು. ಆ ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಪೂರ್ತಿಯಾದರೆ ಮೊದಲು ಹತ್ತುವವರಲ್ಲಿ ನಾನೂ ಒಬ್ಬ. ಆದರೆ 'ಇದಕ್ಕೆ ಬದಲು ಯಾವುದು ಹಿಂದೆ ಬಿತ್ತು?' ಎಂದು ಸಭೆಯಲ್ಲಿ ಕೇಳಲು ನಾಲ್ಕು ವರ್ಷ ಯಾರೂ ಇರಲಿಲ್ಲ.

ಇದು ನಮ್ಮ ಮಾತೂ ಹೌದು. ಈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ಅದರಲ್ಲಿ ಕನ್ನಡವೂ ಒಂದು. ಹೋಟೆಲು, ಗಿರಣಿಗಳಿಗೆ ದುಡಿಯಲು ಬಂದ ನಮ್ಮ ಹಿರಿಯರ ಮಕ್ಕಳು ಅಲ್ಲಿ ಅಕ್ಷರ ಕಲಿತದ್ದು ಈ ನಗರದ ತೆರಿಗೆಯ ಹಣದಲ್ಲಿ. ನಾವೋ, ಮತದಾರರ ಪಟ್ಟಿಯಲ್ಲಿನ ಹೆಸರನ್ನು ಊರಲ್ಲೇ ಬಿಟ್ಟು ಬಂದಿದ್ದೇವೆ. ಬಾಡಿಗೆ ಕೊಡುತ್ತೇವೆ, ಟ್ಯಾಂಕರ್‌ಗೆ ವಂತಿಗೆ ಕೊಡುತ್ತೇವೆ, ನಗರಸೇವಕರು ಯಾರೆಂದು ಕೇಳಿದರೆ ಪಕ್ಕದ ಮನೆಯವರ ಮುಖ ನೋಡುತ್ತೇವೆ.

ಕಳೆದ ಬೇಸಿಗೆಯಲ್ಲಿ ನಮ್ಮ ಸೊಸೈಟಿಯ ಸಭೆಯಲ್ಲಿ ನೀರಿನ ಚರ್ಚೆ ಎರಡು ಗಂಟೆ ನಡೆಯಿತು. ಕೊನೆಗೆ ತೀರ್ಮಾನವಾದದ್ದು ಇನ್ನೊಂದು ಟ್ಯಾಂಕರ್ ತರಿಸುವುದೆಂದು. ವಾರ್ಡ್ ಆಫೀಸಿಗೆ ಅರ್ಜಿ ಬರೆಯೋಣ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.