ಜಿಎಂ ಯಾರ ಜಾತಿಯೂ ಅಲ್ಲ

ಸಿಇಟಿ ಕೌನ್ಸೆಲಿಂಗ್ ಮುಗಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಕಟ್‌ಆಫ್ ಪಟ್ಟಿಯಲ್ಲಿ ಪ್ರತಿ ಕಾಲೇಜಿನ ಎದುರಿಗೂ ಅಂಕಿ, ಅಕ್ಷರಗಳ ಸಾಲೊಂದು ಇರುತ್ತದೆ: 1ಜಿ, 2ಎಜಿ, 2ಬಿಜಿ, 3ಎಜಿ, 3ಬಿಜಿ, ಎಸ್‌ಸಿಜಿ, ಎಸ್‌ಟಿಜಿ, ಜಿಎಂ. ಉಳಿದ ಸಂಕೇತಗಳೆಲ್ಲ ಒಂದಲ್ಲ ಒಂದು ಪ್ರವರ್ಗವನ್ನು ಹೆಸರಿಸುತ್ತವೆ. ಜಿಎಂ ಮಾತ್ರ ಯಾರನ್ನೂ ಹೆಸರಿಸುವುದಿಲ್ಲ. ಅದು ಜನರಲ್ ಮೆರಿಟ್. ಸರ್ಕಾರಿ ಕನ್ನಡದಲ್ಲಿ ಸಾಮಾನ್ಯ ಅರ್ಹತೆ. ಆದರೆ ಆಡುಮಾತಿನಲ್ಲಿ ಈ ಎರಡಕ್ಷರ ಬೇರೆಯದೇ ಬದುಕು ಕಟ್ಟಿಕೊಂಡಿದೆ. 'ನಾವು ಜಿಎಂ', 'ಅವರ ಹುಡುಗಿ ಜಿಎಂ, ಹಾಗಾಗಿ ಸೀಟು ಕಷ್ಟ' ಎನ್ನುವ ಮಾತು ಪ್ರತಿ ಜೂನ್ ತಿಂಗಳಲ್ಲೂ ಕಿವಿಗೆ ಬೀಳುತ್ತದೆ. ಮೀಸಲಾತಿಯ ಪಟ್ಟಿಯಲ್ಲಿ ಇಲ್ಲದ ಜಾತಿಗಳಿಗೆ ಜಿಎಂ ಒಂದು ಒಟ್ಟು ಹೆಸರಾಗಿ, ಅಲ್ಲಿನ ಸೀಟುಗಳು ಆ ಜಾತಿಗಳ ಪಾಲು ಎಂಬ ಎಣಿಕೆ ಬೇರೂರಿದೆ. ಈ ಎಣಿಕೆ ತಪ್ಪು. ವಿಶ್ವವಿದ್ಯಾಲಯ ಪ್ರವೇಶದಲ್ಲಿ ಸಮಾನ ಅವಕಾಶ ಎಂದರೇನು ಎಂಬ ನಮ್ಮ ಚರ್ಚೆ ದಾರಿ ತಪ್ಪಿರುವುದು ಬಹುಮಟ್ಟಿಗೆ ಇಲ್ಲೇ ಎಂಬುದು ನನ್ನ ವಾದ.

ಮೊದಲು ನಿಯಮ ನೋಡೋಣ. ಜಿಎಂ ಸೀಟು ಎಂದರೆ ಜಾತಿಯನ್ನು ಕೇಳದೆ ರ್‍ಯಾಂಕ್ ಒಂದನ್ನೇ ನೋಡಿ ಕೊಡುವ ಸೀಟು. ಪರಿಶಿಷ್ಟ ಜಾತಿಯ ವಿದ್ಯಾರ್ಥಿನಿಯ ರ್‍ಯಾಂಕ್ ಜಿಎಂ ಕಟ್‌ಆಫ್‌ನೊಳಗೆ ಬಂದರೆ ಆಕೆಗೆ ಸಿಗಬೇಕಾದದ್ದು ಜಿಎಂ ಸೀಟು. ಪರಿಶಿಷ್ಟ ಜಾತಿಯ ಸೀಟು ಅದೇ ಸಮುದಾಯದ ಇನ್ನೊಬ್ಬರಿಗೆ ಉಳಿಯುತ್ತದೆ. ನಮ್ಮ ಸಾರಿಗೆ ಬಸ್ಸಿನ ಮುಂದಿನ ಸಾಲುಗಳ ಮೇಲೆ 'ಮಹಿಳೆಯರಿಗೆ' ಎಂದು ಬರೆದಿರುತ್ತದೆ, ಹಿಂದಿನ ಸಾಲುಗಳ ಮೇಲೆ ಏನೂ ಬರೆದಿರುವುದಿಲ್ಲ. ಏನೂ ಬರೆಯದ್ದಕ್ಕೆ ಅವು ಗಂಡಸರ ಸೀಟುಗಳಾಗುವುದಿಲ್ಲ, ಎಲ್ಲರ ಸೀಟುಗಳಾಗುತ್ತವೆ. ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಈ ತತ್ವವಿತ್ತು. 2020ರ ಸೌರವ್ ಯಾದವ್ ಪ್ರಕರಣದಲ್ಲಿ, ಮುಕ್ತ ವರ್ಗವೆನ್ನುವುದು ಇನ್ನೊಂದು ಕೋಟಾ ಅಲ್ಲ, ಅದರ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. 2024ರಲ್ಲಿ ಮಧ್ಯಪ್ರದೇಶದ ಎಂಬಿಬಿಎಸ್ ಪ್ರವೇಶದ ಪ್ರಕರಣವೊಂದರಲ್ಲಿ, ಅಂಕ ಹೆಚ್ಚಿದ್ದರೂ ಮೀಸಲು ವರ್ಗದ ವಿದ್ಯಾರ್ಥಿಗಳಿಗೆ ಮುಕ್ತ ಸೀಟು ನಿರಾಕರಿಸಿದ್ದನ್ನು ತಪ್ಪೆಂದು ಹೇಳಿತು. ಇಷ್ಟು ಸಲ ಹೇಳಬೇಕಾಯಿತು ಎಂಬುದರಿಂದಲೇ ತಪ್ಪು ತಿಳಿವಳಿಕೆ ಎಷ್ಟು ಆಳಕ್ಕೆ ಇಳಿದಿದೆಯೆಂದು ಊಹಿಸಬಹುದು. ಅದು ಮನೆಮಾತಿನಲ್ಲಷ್ಟೇ ಉಳಿಯದೆ ಪ್ರವೇಶದ ಕಚೇರಿಗಳವರೆಗೂ ಹೋಗಿದೆ.

ಮುಕ್ತ ಸೀಟು ಎಂಬ ಕಲ್ಪನೆ ತಾನಾಗಿ ಹುಟ್ಟಿದ್ದಲ್ಲ. ಹಳೆಯ ಮದರಾಸು ಪ್ರಾಂತ್ಯದ ಕಮ್ಯುನಲ್ ಜಿ.ಒ. ಎಂಬ ಸರ್ಕಾರಿ ಆದೇಶವನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. ಅಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರತಿ 14 ಸೀಟುಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ 1, ಮುಸ್ಲಿಮರಿಗೆ 1 ಎಂದು ಹಂಚಿಕೆಯಾಗಿತ್ತು. ಹದಿನಾಲ್ಕಕ್ಕೆ ಹದಿನಾಲ್ಕೂ ಹೆಸರು ಬರೆದ ಸೀಟುಗಳು. ಎಷ್ಟೇ ಅಂಕ ಪಡೆದರೂ ಯಾರೂ ತಮ್ಮ ಜಾತಿಯ ಕಟಕಟೆ ದಾಟುವಂತಿರಲಿಲ್ಲ. 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಅರ್ಜಿ ಹಾಕಿದ್ದವರು ಬ್ರಾಹ್ಮಣ ಸಮುದಾಯದವರು. ಅದೇ ವರ್ಷ ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4)ನೇ ವಿಧಿಯನ್ನು ಸೇರಿಸಿ, ಹಿಂದುಳಿದವರಿಗಾಗಿ ವಿಶೇಷ ಏರ್ಪಾಡು ಮಾಡುವ ದಾರಿ ತೆರೆಯಿತು. ಈ ಎರಡು ಘಟನೆಗಳನ್ನು ಒಂದರ ವಿರುದ್ಧ ಇನ್ನೊಂದೆಂದು ಓದುವುದೇ ರೂಢಿ. ಜೊತೆಯಾಗಿ ಓದಿದರೆ ಒಂದು ಸಮತೋಲ ಕಾಣುತ್ತದೆ: ಕೆಲವು ಸೀಟುಗಳು ಹಿಂದೆ ಬಿದ್ದವರಿಗೆ ಮೀಸಲು, ಮಿಕ್ಕವು ಯಾರ ಹೆಸರಿನಲ್ಲೂ ಇಲ್ಲ. ಜಿಎಂ ಸೀಟು ಮುಂದುವರಿದ ಜಾತಿಗಳ ಪಾಲು ಎಂದು ಇಂದು ತಿಳಿಯುವವರು, ತಮಗೆ ಅರಿವಿಲ್ಲದೆಯೇ, 1951ರಲ್ಲಿ ಬಿದ್ದುಹೋದ ಆ ಕಮ್ಯುನಲ್ ಜಿ.ಒ.ವನ್ನು ಮತ್ತೆ ಎತ್ತಿ ನಿಲ್ಲಿಸುತ್ತಿದ್ದಾರೆ.

ಹಾಗಾದರೆ ಎಲ್ಲರ ಸೀಟಿಗೆ 'ಮೆರಿಟ್' ಎಂಬ ಹೆಸರು ಹೇಗೆ ಅಂಟಿತು? ಕೇಂದ್ರದ ಪಟ್ಟಿಗಳಲ್ಲಿ ಇಂಥ ಸೀಟುಗಳನ್ನು 'ಮೀಸಲಲ್ಲದ್ದು' ಎಂಬರ್ಥದ ಯುಆರ್ ಎನ್ನುತ್ತಾರೆ, ತಮಿಳುನಾಡಿನಲ್ಲಿ ಒ.ಸಿ. ಎನ್ನುತ್ತಾರೆ. ನಮ್ಮಲ್ಲಿ ಮೆರಿಟ್ ಹೆಸರಿಗೇ ಸೇರಿಕೊಂಡಿದೆ, ಅದೂ ಹಳೆಯ ಕಾಲದಿಂದ. ಮೈಸೂರು ಸಂಸ್ಥಾನ 1918ರಲ್ಲೇ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗುವ ದಾರಿ ಹುಡುಕಿತ್ತು. 1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇ 28, ಹೆಚ್ಚು ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ ಶೇ 3, ಒಟ್ಟು ಶೇ 68 ಸೀಟು ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನು ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕು ಎಂದಿತು. ಆ ತೀರ್ಪು ಉಳಿದ ಶೇ 32 ಸೀಟುಗಳನ್ನು ಕರೆದದ್ದು 'ಮೆರಿಟ್ ಪೂಲ್' ಎಂದು. ಒಂದು ಕಡೆ ಮೀಸಲು, ಇನ್ನೊಂದು ಕಡೆ ಮೆರಿಟ್: ಹೀಗೆ ಎದುರುಬದುರು ನಿಲ್ಲಿಸಿದ ಕೂಡಲೇ, ಮೀಸಲು ಇರುವಲ್ಲಿ ಮೆರಿಟ್ ಇಲ್ಲ ಎಂಬ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ.

ಇದೇ ಮಾತಿಗೆ ಕರ್ನಾಟಕದಲ್ಲಿ ಇನ್ನೊಂದು ಬಳಕೆಯೂ ಇತ್ತು. ಅದು ಜಾತಿಗೆ ಎದುರಾಗಿ ಹುಟ್ಟಿದ್ದಲ್ಲ, ಹಣಕ್ಕೆ ಎದುರಾಗಿ ಹುಟ್ಟಿದ್ದು. ಖಾಸಗಿ ಕಾಲೇಜುಗಳ ಕ್ಯಾಪಿಟೇಷನ್ ಹಾವಳಿ ತಡೆಯಲು 1984ರಲ್ಲಿ ರಾಜ್ಯ ಕಾನೂನು ತಂದಿತು. 1989ರ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ವರ್ಷದ ಶುಲ್ಕ ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ಇದನ್ನೇ ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣ 1992ರಲ್ಲಿ ತೀರ್ಮಾನವಾಯಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಫ್ರೀ ಮತ್ತು ಪೇಮೆಂಟ್ ಎಂದು ವಿಂಗಡಿಸಿತು. 1994ರಲ್ಲಿ ಸಿಇಟಿ ಘಟಕ ಆರಂಭವಾಯಿತು. ಆಗ ಜನರ ಬಾಯಲ್ಲಿ 'ಮೆರಿಟ್ ಸೀಟು' ಎಂದರೆ ದುಡ್ಡು ಸುರಿಯದೆ ಪರೀಕ್ಷೆ ಬರೆದು ಪಡೆದ ಸೀಟು. ಆ ಅರ್ಥದಲ್ಲಿ ಸಿಇಟಿ ಮೂಲಕ ಬಂದ ಪರಿಶಿಷ್ಟ ಜಾತಿಯ ಹುಡುಗನದೂ ಮೆರಿಟ್ ಸೀಟೇ, 2ಎ ಹುಡುಗಿಯದೂ ಮೆರಿಟ್ ಸೀಟೇ. ಮೆರಿಟ್‌ನ ಈ ಹಳೆಯ ಅರ್ಥ ಈಗ ಮಸುಕಾಗಿದೆ. 2023ರಲ್ಲಿ ವೈದ್ಯಕೀಯ ಸ್ನಾತಕೋತ್ತರ ಸೀಟುಗಳು ಖಾಲಿ ಉಳಿದಾಗ ನೀಟ್ ಪಿ.ಜಿ. ಅರ್ಹತಾ ಪರ್ಸೆಂಟೈಲನ್ನು ಎಲ್ಲ ವರ್ಗಗಳಿಗೂ ಸೊನ್ನೆಗೆ ಇಳಿಸಲಾಯಿತು. ಅರ್ಹತೆಯ ಗೆರೆಯೇ ಇಲ್ಲವಾದಾಗ ಭಾರೀ ಶುಲ್ಕದ ಸೀಟು ತುಂಬುವುದು ಕೊಡುವ ಶಕ್ತಿಯಿಂದ. ಮೆರಿಟ್ ಬಗ್ಗೆ ನಿಜವಾದ ಕಾಳಜಿ ಇರುವವರು ಮೊದಲು ಇಲ್ಲಿ ದನಿ ಎತ್ತಬೇಕು.

ಇನ್ನು ಮೆರಿಟ್ ಅಳೆಯುವ ಕೋಲು. ರ್‍ಯಾಂಕ್ ಎಂಬುದು ಮನುಷ್ಯನೊಳಗೆ ಮೊದಲೇ ಇರುವ ಗುಣದ ನೇರ ಅಳತೆ ಎಂದು ನಂಬಲು ನಮ್ಮ ರಾಜ್ಯದ ದಾಖಲೆಗಳೇ ಬಿಡುವುದಿಲ್ಲ. 1960ರ ದಶಕದ ಮೈಸೂರಿನಲ್ಲಿ ಪ್ರವೇಶಕ್ಕೆ ಸಂದರ್ಶನದ ಅಂಕಗಳೂ ಸೇರುತ್ತಿದ್ದವು. ಚಿತ್ರಲೇಖಾ ಪ್ರಕರಣ ನ್ಯಾಯಾಲಯಕ್ಕೆ ಹೋದದ್ದರಲ್ಲಿ ಅದೂ ಒಂದು ಕಾರಣ. ಆಮೇಲೆ ಎಂಜಿನಿಯರಿಂಗ್‌ಗೆ ಪಿಯುಸಿ ಮತ್ತು ಸಿಇಟಿ ಅಂಕಗಳು ಅರ್ಧರ್ಧ ಎಂದಾಯಿತು. 2022ರಲ್ಲಿ, ಕೋವಿಡ್ ವರ್ಷ ಪರೀಕ್ಷೆಯಿಲ್ಲದೆ ಪಿಯುಸಿ ಪಾಸಾಗಿ ಮತ್ತೆ ಸಿಇಟಿ ಬರೆದವರ ಪಿಯು ಅಂಕ ಪರಿಗಣಿಸುವುದಿಲ್ಲ ಎಂದು ಪ್ರಾಧಿಕಾರ ನಿರ್ಧರಿಸಿತು. ಹೈಕೋರ್ಟ್ ಒಪ್ಪದಿದ್ದಾಗ ಹೊಸ ಸೂತ್ರದ ಮೇಲೆ ಹೊಸ ರ್‍ಯಾಂಕ್ ಪಟ್ಟಿ ಬಂತು. ಉತ್ತರಪತ್ರಿಕೆಗಳು ಅವೇ, ವಿದ್ಯಾರ್ಥಿಗಳು ಅವರೇ, ರ್‍ಯಾಂಕ್ ಬೇರೆ. ಇನ್ನೂ ಗಮನಿಸಬೇಕಾದದ್ದು ಕಟ್‌ಆಫ್ ಪಟ್ಟಿಯಲ್ಲಿ ಜಿಎಂ ಪಕ್ಕದಲ್ಲೇ ಇರುವ ಜಿಎಂಆರ್ ಮತ್ತು ಜಿಎಂಕೆ. ಮೊದಲನೆಯದು ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಎರಡನೆಯದು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ. ಎಲ್ಲ ಪ್ರವರ್ಗಗಳ ಒಳಗೂ ಇವಕ್ಕೆ ಶೇ 15 ಮತ್ತು ಶೇ 5 ಪಾಲಿದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಪ್ರತ್ಯೇಕ ಪಾಲಿದೆ. ಹಳ್ಳಿ ಶಾಲೆಯ ಮಗು ಪಡೆದ ಅಂಕ ಮತ್ತು ಬೆಂಗಳೂರಿನ ಕೋಚಿಂಗ್‌ನಲ್ಲಿ ಪಡೆದ ಅಂಕ ಒಂದೇ ತೂಕದ್ದಲ್ಲ ಎಂಬ ಸತ್ಯವನ್ನು 'ಮೆರಿಟ್' ಎಂಬ ಹೆಸರಿನ ಒಳಗೇ ನಾವು ಒಪ್ಪಿಕೊಂಡಿದ್ದೇವೆ. ಊರು, ಮಾಧ್ಯಮ, ಪ್ರದೇಶಗಳ ಅಡ್ಡಿಯನ್ನು ಒಪ್ಪಿದ ಮನಸ್ಸು ಜಾತಿಯ ಅಡ್ಡಿಯ ಬಳಿ ಬಂದಾಗ ಮಾತ್ರ ನಿಂತುಬಿಡುವುದಕ್ಕೆ ತರ್ಕದಲ್ಲಿ ಆಧಾರವಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗುಣಮಟ್ಟದ್ದು. ಕಡಿಮೆ ಅಂಕದವರು ಒಳಗೆ ಬಂದರೆ ಅವರಿಗೂ ಕಷ್ಟ, ಸಂಸ್ಥೆಗೂ ನಷ್ಟ ಎನ್ನುತ್ತಾರೆ. ಇದನ್ನು ಊಹೆಯಿಂದ ತೀರ್ಮಾನಿಸಬೇಕಿಲ್ಲ. ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳ ಮಾಹಿತಿಯನ್ನು ಬಳಸಿ ಬಾಗ್ಡೆ, ಎಪ್ಪಲ್ ಮತ್ತು ಟೇಲರ್ 2016ರಲ್ಲಿ ಪ್ರಕಟಿಸಿದ ಅಧ್ಯಯನ, ಮೀಸಲಾತಿಯಿಂದ ಬಂದವರಿಗೆ ಉತ್ತಮ ಕಾಲೇಜಿನ ಪ್ರಯೋಜನ ದಕ್ಕಿತು, ಓದಿನಲ್ಲಿ ಅವರು ಕುಸಿದರು ಎಂಬುದಕ್ಕೆ ಪುರಾವೆ ಸಿಗಲಿಲ್ಲ ಎಂದಿತು. ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್ಕಾಫ್ ಭಾರತೀಯ ರೈಲ್ವೆಯ ಹಲವು ವರ್ಷಗಳ ಲೆಕ್ಕ ನೋಡಿ, ಮೀಸಲಾತಿಯಿಂದ ಉತ್ಪಾದಕತೆ ಕುಗ್ಗಿದ್ದು ಕಾಣಲಿಲ್ಲ ಎಂದರು. ಬೇರೆ ದನಿಯೂ ಇದೆ: ಅತ್ಯಂತ ಪೈಪೋಟಿಯ ಒಂದು ಎಂಜಿನಿಯರಿಂಗ್ ಸಂಸ್ಥೆಯನ್ನು ಅಭ್ಯಸಿಸಿದ ಫ್ರಿಸಾಂಚೊ ಮತ್ತು ಕೃಷ್ಣ, ಕಠಿಣ ಶಾಖೆಗಳಲ್ಲಿ ಮೀಸಲು ವಿದ್ಯಾರ್ಥಿಗಳು ಹಿಂದೆ ಬೀಳುವುದನ್ನು ದಾಖಲಿಸಿದ್ದಾರೆ. ಈ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಆದರೆ ಅದು ಕೇಳುವುದು ಸೇತುಬಂಧ ತರಗತಿಗಳನ್ನು, ಮೊದಲ ವರ್ಷದ ಬೆಂಬಲವನ್ನು, ಬಾಗಿಲು ಮುಚ್ಚುವುದನ್ನಲ್ಲ. ಒಳಗೆ ಬರುವ ಕಟ್‌ಆಫ್ ಬೇರೆ ಇರಬಹುದು, ಪದವಿ ಕೊಡುವ ಪರೀಕ್ಷೆ ಎಲ್ಲರಿಗೂ ಒಂದೇ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಜಿಎಂ ಎಂದು ಕರೆಯಿಸಿಕೊಳ್ಳುವ ಕುಟುಂಬಗಳಲ್ಲೂ ಬಡವರಿದ್ದಾರೆ, ಹಿಂದುಳಿದ ವರ್ಗಗಳಲ್ಲೂ ಸ್ಥಿತಿವಂತರಿದ್ದಾರೆ. ಎರಡೂ ನಿಜ. ಎರಡನೆಯದಕ್ಕೆ ಮದ್ದು ಕೆನೆಪದರದ ನಿಯಮ. ಅದನ್ನು ಪ್ರಾಮಾಣಿಕವಾಗಿ ಜಾರಿಗೊಳಿಸಬೇಕು. ಮೊದಲನೆಯದಕ್ಕಾಗಿ 2019ರಲ್ಲಿ 103ನೇ ತಿದ್ದುಪಡಿ ಬಂದು, ಆರ್ಥಿಕವಾಗಿ ದುರ್ಬಲರಿಗೆ ಶೇ 10ರವರೆಗೆ ಮೀಸಲಿಡಲು ಅವಕಾಶವಾಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬರ್ಟ್ರಾಂಡ್, ಹನ್ನಾ ಮತ್ತು ಮುಲ್ಲೈನಾಥನ್ ಒಂದು ರಾಜ್ಯದ ಎಂಜಿನಿಯರಿಂಗ್ ಪ್ರವೇಶವನ್ನು ಅಭ್ಯಸಿಸಿದಾಗ, ಮೀಸಲಾತಿಯಿಂದ ಸೀಟು ಪಡೆದವರು ಸೀಟು ತಪ್ಪಿದವರಿಗಿಂತ ಸರಾಸರಿ ಬಡ ಹಿನ್ನೆಲೆಯವರೇ ಆಗಿದ್ದರು; ತಪ್ಪಿದವರಿಗೆ ನಷ್ಟವಾದದ್ದನ್ನೂ ಅವರು ಮರೆಮಾಚಲಿಲ್ಲ. 2022ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪ್ರಮಾಣ ಶೇ 17 ಮತ್ತು ಶೇ 7ಕ್ಕೆ ಏರಿ, ರಾಜ್ಯದ ಒಟ್ಟು ಮೀಸಲು ಶೇ 56 ಆದಾಗ, ಮುಕ್ತ ಸೀಟು ಕುಗ್ಗುವ ಆತಂಕ ಹುಟ್ಟಿದ್ದು ಸಹಜ. ಆ ಚರ್ಚೆ ನಡೆಯಲಿ. ಆದರೆ ಕುಗ್ಗಿದ್ದು ಎಲ್ಲರ ಸೀಟು, ಕೆಲವರ ಆಸ್ತಿಯಲ್ಲ ಎಂಬ ನೆಲೆಯ ಮೇಲೆ ನಡೆಯಲಿ.

ಇಷ್ಟಕ್ಕೂ ಇದು ಬರಿಯ ಹೆಸರು, ಹೆಸರಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗವನ್ನು ತೋರಿಸಬೇಕು. ಶಾಲಾ ಹುಡುಗರಿಗೆ ಚಕ್ರವ್ಯೂಹದ ಒಗಟು ಬಿಡಿಸಲು ಕೊಟ್ಟಾಗ, ಜಾತಿಯ ಪ್ರಸ್ತಾಪವಿಲ್ಲದಿದ್ದರೆ ಮೇಲ್ಜಾತಿ, ಕೆಳಜಾತಿಯ ಹುಡುಗರು ಸರಿಸಮವಾಗಿ ಬಿಡಿಸಿದರು. ಜಾತಿಯನ್ನು ಎಲ್ಲರೆದುರು ಸಾರಿದಾಗ ಕೆಳಜಾತಿಯ ಹುಡುಗರ ಸಾಧನೆ ಇಳಿಯಿತು. ಹದಿನೆಂಟರ ವಯಸ್ಸಿನಲ್ಲಿ ಹಾಸ್ಟೆಲ್‌ಗೆ ಕಾಲಿಟ್ಟ ವಿದ್ಯಾರ್ಥಿನಿಯನ್ನು 'ನಿನ್ನ ರ್‍ಯಾಂಕ್ ಎಷ್ಟು?' ಎಂದು ಕೇಳುವುದು ಹಲವು ಸಲ ಜಾತಿ ಕೇಳುವ ಇನ್ನೊಂದು ಬಗೆ. ಐಐಟಿ ಬಾಂಬೆ 2023ರಲ್ಲಿ ಸಹಪಾಠಿಗಳ ಪ್ರವೇಶ ರ್‍ಯಾಂಕ್ ಕೇಳಬಾರದೆಂದು ಮಾರ್ಗಸೂಚಿ ಹೊರಡಿಸಿದ್ದು ಇದೇ ಕಾರಣಕ್ಕೆ. ಜಾತಿ ಗುರುತಿನ ಜೊತೆಗೆ 'ಮೆರಿಟ್ ಇಲ್ಲದವರು' ಎಂಬ ಮುದ್ರೆಯೂ ಸರ್ಕಾರಿ ಪಟ್ಟಿಯಿಂದಲೇ ಸಿಕ್ಕರೆ, ಸಮಾನ ಅವಕಾಶ ಬಾಗಿಲಲ್ಲಿ ಸಿಕ್ಕು ತರಗತಿಯಲ್ಲಿ ಕಳೆದುಹೋಗುತ್ತದೆ. ಮೀಸಲಾತಿ ಮೆರಿಟ್‌ಗೆ ವಿರೋಧವಲ್ಲ, ಪರೀಕ್ಷೆಯ ಅಂಕವೊಂದೇ ಮೆರಿಟ್ ಅಲ್ಲ ಎಂದು ಸುಪ್ರೀಂ ಕೋರ್ಟ್ 2022ರ ನೀಲ್ ಆರೆಲಿಯೊ ನ್ಯೂನ್ಸ್ ತೀರ್ಪಿನಲ್ಲಿ ಹೇಳಿತು. ನಮ್ಮ ಪಟ್ಟಿಯ ಭಾಷೆ ಆ ತೀರ್ಪಿಗಿಂತ ಅರುವತ್ತು ವರ್ಷ ಹಿಂದೆ ಉಳಿದಿದೆ.

ಆದ್ದರಿಂದ ಬೇಕಾದ ಬದಲಾವಣೆ ಎರಡು, ಎರಡೂ ಖರ್ಚಿಲ್ಲದವು. ಜನರಲ್ ಮೆರಿಟ್ ಎಂಬ ಹೆಸರನ್ನು ಬಿಟ್ಟು ಆ ಸೀಟುಗಳನ್ನು 'ಮುಕ್ತ ಸೀಟು' ಎಂದು ಕರೆಯಬೇಕು. ಪ್ರತಿ ವರ್ಷ ಅಂತಿಮ ಹಂಚಿಕೆಯಾದ ಮೇಲೆ, ಆ ಮುಕ್ತ ಸೀಟುಗಳಲ್ಲಿ ಯಾವ ಯಾವ ಪ್ರವರ್ಗದ ಎಷ್ಟೆಷ್ಟು ಮಂದಿ ತಮ್ಮ ರ್‍ಯಾಂಕ್ ಬಲದಿಂದ ಪ್ರವೇಶ ಪಡೆದರು ಎಂಬ ಲೆಕ್ಕವನ್ನು ಪ್ರಾಧಿಕಾರ ಕಟ್‌ಆಫ್ ಪಟ್ಟಿಯ ಜೊತೆಗೇ ಪ್ರಕಟಿಸಬೇಕು. ಆ ಸಂಖ್ಯೆ ಹೆಚ್ಚುತ್ತಾ ಹೋದರೆ ಮೀಸಲಾತಿ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಹೆಚ್ಚದಿದ್ದರೆ ಶಾಲೆಗಳಲ್ಲಿ ಎಲ್ಲಿ ಸೋಲುತ್ತಿದ್ದೇವೆ ಎಂದು ಹುಡುಕಲು ಅದೇ ಆಧಾರ. ಮೀಸಲಾತಿ ಇನ್ನೆಷ್ಟು ಕಾಲ ಬೇಕು ಎಂದು ಕೇಳುವವರಿಗೂ, ಎಂದೆಂದಿಗೂ ಇರಲಿ ಎನ್ನುವವರಿಗೂ ಉತ್ತರ ಸಿಗುವುದು ಆ ಲೆಕ್ಕದಲ್ಲೇ.