ಮೈಸೂರು ಅರಸರೂ ಮೆಟ್ನರ್ ಧ್ವನಿಮುದ್ರಿಕೆಗಳೂ

ಜಯಚಾಮರಾಜ ಒಡೆಯರೆಂದರೆ ನಮಗೆ ಒಡನೆ ನೆನಪಾಗುವುದು ‘ಶ್ರೀವಿದ್ಯಾ’ ಅಂಕಿತದ ಕೃತಿಗಳು. ದಹಿಸರಿನ ನಮ್ಮ ಕೂಟದಲ್ಲಿ ಅವನ್ನು ಹಾಡಬಲ್ಲವರೂ ಇದ್ದಾರೆ. ಆದರೆ ಅದೇ ಅರಸರ ಹೆಸರು ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಣ ಚರಿತ್ರೆಯಲ್ಲಿಯೂ ಇದೆಯೆಂಬುದನ್ನು ನಾವು ತಿಳಿದದ್ದು ತೀರ ತಡವಾಗಿ.

ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ರಖ್ಮಾನಿನೋವ್ ಅವರ ಆಪ್ತ ಸ್ನೇಹಿತರು. ಮೆಟ್ನರ್ ತಮ್ಮ ಎರಡನೆಯ ಪಿಯಾನೋ ಕಾನ್ಸರ್ಟೊವನ್ನು ರಖ್ಮಾನಿನೋವ್ ಅವರಿಗೆ ಅರ್ಪಿಸಿದರೆ, ಅವರು ತಮ್ಮ ನಾಲ್ಕನೆಯದನ್ನು ಇವರಿಗೆ ಅರ್ಪಿಸಿದರು. ಕ್ರಾಂತಿಯ ತರುವಾಯ 1921ರಲ್ಲಿ ತಾಯ್ನಾಡು ಬಿಟ್ಟ ಮೆಟ್ನರ್ ಕೊನೆಗೆ ನೆಲೆಸಿದ್ದು ಲಂಡನ್ನಿನಲ್ಲಿ. ಕಾಲದ ಅಭಿರುಚಿ ಬದಲಾಗಿತ್ತು. ರಮ್ಯ ಪರಂಪರೆಯನ್ನು ಬಿಡದ ಅವರ ಸಂಗೀತಕ್ಕೆ ಕೇಳುಗರು ವಿರಳರಾಗಿದ್ದರು. ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು, ಹೃದಯರೋಗವೂ ಕಾಡಿತು.

ಅಂತಹ ಹೊತ್ತಿನಲ್ಲಿ ನೆರವು ಬಂದದ್ದು ಮೈಸೂರಿನಿಂದ. ಸ್ವತಃ ಪಿಯಾನೋ ಅಭ್ಯಾಸ ಮಾಡಿದ್ದ, 1940ರಲ್ಲಿ ಪಟ್ಟಕ್ಕೆ ಬಂದ ತರುಣ ಅರಸರು ಮೆಟ್ನರ್ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವ ವೆಚ್ಚವನ್ನು ವಹಿಸಿಕೊಂಡರು. ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. 1947ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಮೆಟ್ನರ್ ತಮ್ಮ ಮೂರೂ ಕಾನ್ಸರ್ಟೊಗಳನ್ನು ನುಡಿಸಿದರು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸಾಯ್ ಡೊಬ್ರೊವೆನ್ ನಿರ್ದೇಶಕರು. ‘ಹಿಸ್ ಮಾಸ್ಟರ್ಸ್ ವಾಯ್ಸ್’ ಹೊರತಂದ ಆ ತಟ್ಟೆಗಳ ಒಂದೊಂದು ಮಗ್ಗುಲಿಗೂ ನಾಲ್ಕು ನಿಮಿಷಗಳ ಆಸುಪಾಸಿನ ಸಂಗೀತವಷ್ಟೇ ಹಿಡಿಸುತ್ತಿತ್ತು. ಅರ್ಧ ಗಂಟೆಗೂ ಮೀರಿದ ಕೃತಿಯನ್ನು ತುಂಡುತುಂಡಾಗಿಯೇ ನುಡಿಸಬೇಕಿತ್ತು. ಅರುವತ್ತೇಳರ ಅಸ್ವಸ್ಥ ವಾದಕನಿಗೆ ಅದು ಸುಲಭದ ಕೆಲಸವಲ್ಲ. ಆದರೂ ಆ ನುಡಿಸಾಣಿಕೆಯಲ್ಲಿ ಆಯಾಸದ ನೆರಳಿಲ್ಲ. ಲೆರ್ಮೊಂತೊವ್ ಕವಿಯ ‘ರುಸಾಲ್ಕಾ’ದಿಂದ ಪ್ರೇರಿತವಾದ ಮೂರನೆಯ ಕಾನ್ಸರ್ಟೊ 1943ರಲ್ಲಿಯೇ ಸಿದ್ಧವಾಗಿತ್ತು; ಅದು ಅರ್ಪಿತವಾದದ್ದು ಮೈಸೂರಿನ ಮಹಾರಾಜರಿಗೆ.

ಇಷ್ಟಕ್ಕೆ ನಿಲ್ಲಿಸಿದರೆ ಇದು ರಾಜೌದಾರ್ಯದ ಕಥೆ. ಆದರೆ ಅದೇ 1947ರಲ್ಲಿ ಮೈಸೂರಿನ ಜನ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಎಂದು ಬೀದಿಗಿಳಿದಿದ್ದರು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬರುವವರೆಗೂ ಆ ಚಳವಳಿ ತಣಿಯಲಿಲ್ಲ. ಪ್ರಜೆಗಳು ಹಕ್ಕಿಗಾಗಿ ಸೆರೆಮನೆ ಸೇರುತ್ತಿದ್ದ ವರ್ಷದಲ್ಲಿ ಅರಸರ ಹಣ ಲಂಡನ್ನಿನ ಪಿಯಾನೋಕ್ಕೆ ಸಂದಿತೆಂಬುದನ್ನು ಮುಚ್ಚಿಡುವುದು ಚರಿತ್ರೆಗೆ ಸಲ್ಲದು. ಅರಮನೆಯ ಖರ್ಚು ಬೇರೆ, ರಾಜ್ಯದ ಬೊಕ್ಕಸ ಬೇರೆ ಎಂದು ಲೆಕ್ಕ ಬರೆಯಬಹುದು. ಎರಡರ ಮೂಲವೂ ನಾಡಿನ ದುಡಿಮೆಯೇ.

ಹಾಗೆಂದು ಆ ತಟ್ಟೆಗಳು ವ್ಯರ್ಥವೆಂದು ನಾವು ಹೇಳಲಾರೆವು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಅವರ ಎಲ್ಲ ಕೃತಿಗಳನ್ನೂ ಮುದ್ರಿಸುವ ಸಂಕಲ್ಪ ಪೂರ್ಣವಾಗಲಿಲ್ಲ. ಆಗ ಮುದ್ರಿತವಾಗದೆ ಹೋಗಿದ್ದರೆ ಈ ಕಾನ್ಸರ್ಟೊಗಳು ಕರ್ತೃವಿನ ಕೈಯಲ್ಲಿ ಹೇಗೆ ನುಡಿದವೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಇಂದಿಗೂ ಮೆಟ್ನರ್ ನುಡಿಸಹೊರಟವರಿಗೆ ಅವೇ ಮೊದಲ ಸಾಕ್ಷಿ.

ಮೈಸೂರು ಸೀಮೆಯ ರೈತನ ಬೆವರೂ ಆ ತಟ್ಟೆಗಳಲ್ಲಿ ಸೇರಿದೆಯೆಂದಾದರೆ, ಅವು ಅರಸೊಬ್ಬರ ಶೋಕಿಯಾಗಿ ಉಳಿಯುವುದಿಲ್ಲ. ನಮ್ಮ ಪಿತ್ರಾರ್ಜಿತಗಳಲ್ಲಿ ಒಂದಾಗುತ್ತವೆ. ನಮ್ಮ ಹಿರಿಯರು ಕೇಳದೆಯೇ ಬೆಲೆ ತೆತ್ತ ಈ ಸಂಗೀತವನ್ನು ನಾವಾದರೂ ಕೂತು ಕೇಳುವುದು ನ್ಯಾಯ.