ಪಾದ ಮತ್ತು ಪೆಡಲ್

ಸೈಕಲ್ಲಿನ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಚಕ್ರದಿಂದ ಆರಂಭಿಸುತ್ತಾರೆ. ನಾನು ಪೆಡಲಿನಿಂದ ಆರಂಭಿಸುತ್ತೇನೆ. ಸವಾರನ ದೇಹ ಸೈಕಲ್ಲನ್ನು ಮುಟ್ಟುವುದು ಮೂರು ಕಡೆ ಮಾತ್ರ: ಹ್ಯಾಂಡಲ್, ಸೀಟು ಮತ್ತು ಪೆಡಲ್. ಕಾಲಿನ ಬಲವು ಯಂತ್ರದ ಚಲನೆಯಾಗಿ ಮಾರ್ಪಡುವುದು ಪೆಡಲಿನಲ್ಲಿ. ಅಂಗೈಯಗಲದ ಆ ವಸ್ತುವಿನ ಮೇಲೆ ಪಾದವು ಬಿಡುವಾಗಿ ಇರಬೇಕೇ, ಇಲ್ಲವೇ ಅದಕ್ಕೆ ಬಿಗಿದುಕೊಂಡಿರಬೇಕೇ ಎಂಬ ಪ್ರಶ್ನೆಗೆ ಒಂದೂಕಾಲು ಶತಮಾನವನ್ನು ಮೀರಿದ ಇತಿಹಾಸವಿದೆ. ಬೆಟ್ಟಗುಡ್ಡಗಳಲ್ಲಿ ಓಡಿಸುವ ‘ಮೌಂಟನ್ ಬೈಕ್’ ನಮ್ಮ ಬಳ್ಳಾರಿ ಸೀಮೆಗೂ ಬಂದಿರುವುದರಿಂದ ಆ ಪ್ರಶ್ನೆ ರಾರಾವಿಯಂಥ ಗಡಿಯೂರಿನ ಬಾಗಿಲಿಗೂ ಬಂದು ನಿಂತಿದೆ. ಓದುಗರು ಇದನ್ನು ಕ್ಷುಲ್ಲಕ ವಿಷಯವೆಂದು ತಳ್ಳಿಹಾಕಬಾರದೆಂದು ವಿನಂತಿ.

ಮೊದಲ ಸೈಕಲ್ಲಿಗೆ ಪೆಡಲೇ ಇರಲಿಲ್ಲ. ಜರ್ಮನಿಯ ಕಾರ್ಲ್ ಡ್ರೈಸ್ 1817ರ ಜೂನ್ 12ರಂದು ಮ್ಯಾನ್‌ಹೈಮ್ ನಗರದಲ್ಲಿ ಓಡಿಸಿ ತೋರಿಸಿದ ಎರಡು ಚಕ್ರದ ಮರದ ಗಾಡಿಯನ್ನು ಸವಾರನು ನೆಲಕ್ಕೆ ಕಾಲು ಒದೆಯುತ್ತ ಮುಂದಕ್ಕೆ ತಳ್ಳಬೇಕಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂಚಕ್ರದ ಅಚ್ಚಿಗೆ ಪೆಡಲು ಕೂಡಿಕೊಂಡಿತು. ಇದರ ಕೀರ್ತಿ ಪಿಯರ್ ಮಿಶೋಗೆ ಸೇರಬೇಕೋ ಪಿಯರ್ ಲಾಲ್‌ಮಾಂಗೆ ಸೇರಬೇಕೋ ಎಂಬ ವಾದ ಇಂದಿಗೂ ಇದೆ. ಅಮೆರಿಕದಲ್ಲಿ 1866ರ ನವೆಂಬರ್ 20ರಂದು ಪೇಟೆಂಟ್ ಪಡೆದವನು ಲಾಲ್‌ಮಾಂ. ಪಾದವು ಹೀಗೆ ನೆಲವನ್ನು ಬಿಟ್ಟು ಯಂತ್ರವನ್ನು ಆಶ್ರಯಿಸಿತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯ ‘ರೋವರ್’ ಬಂದಾಗ ಪೆಡಲು ಮಧ್ಯಕ್ಕೆ ಸರಿದು, ಚೈನಿನ ಮೂಲಕ ಹಿಂಚಕ್ರವನ್ನು ತಿರುಗಿಸತೊಡಗಿತು. ನಾವು ಇಂದು ಬಳಸುವ ಸೈಕಲ್ಲಿನ ರೂಪುರೇಷೆ ಅಂದೇ ಸಿದ್ಧವಾಯಿತೆನ್ನಬಹುದು.

ಪಂದ್ಯಗಳು ಹೆಚ್ಚಿದಂತೆ ಒಂದು ತೊಡಕು ಕಾಣಿಸಿತು. ವೇಗವಾಗಿ ತುಳಿಯುವಾಗ ಪಾದ ಜಾರುತ್ತದೆ. ಜಾರದಂತೆ ತಡೆಯಲು ಪೆಡಲಿನ ಮುಂದೆ ಬೆರಳುಗಳನ್ನು ಹಿಡಿಯುವ ಉಕ್ಕಿನ ಪಂಜರವನ್ನೂ ಅದಕ್ಕೊಂದು ಚರ್ಮದ ಪಟ್ಟಿಯನ್ನೂ ಜೋಡಿಸಿದರು. ಇದೇ ‘ಟೋ ಕ್ಲಿಪ್’. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಈ ಪಟ್ಟಿ ಪಂದ್ಯದ ಸವಾರರ ಕಾಲನ್ನು ಸುಮಾರು ತೊಂಬತ್ತು ವರ್ಷ ಕಟ್ಟಿಹಾಕಿತು. ಬೀಳುವ ಮುನ್ನ ಕೈಯಿಂದ ಪಟ್ಟಿ ಸಡಿಲಿಸದಿದ್ದರೆ ಸವಾರನು ಸೈಕಲ್ಲಿನೊಡನೆಯೇ ಬೀಳಬೇಕಿತ್ತು.

ಪಟ್ಟಿಯಿಲ್ಲದೆ ಪಾದವನ್ನು ಹಿಡಿಯುವ ಯೋಚನೆ ಹೊಸದಲ್ಲ. ಅಮೆರಿಕದ ರೋಡ್ ಐಲೆಂಡಿನ ಚಾರ್ಲ್ಸ್ ಹ್ಯಾನ್ಸನ್ 1895ರಷ್ಟು ಹಿಂದೆಯೇ ಶೂವನ್ನು ಪೆಡಲಿಗೆ ಸಿಕ್ಕಿಸುವ ಸಾಧನವನ್ನು ರೂಪಿಸಿದ್ದ. ಇಟಲಿಯ ಚೀನೊ ಚಿನೆಲ್ಲಿ 1970ರ ದಶಕದ ಆರಂಭದಲ್ಲಿ ತಂದ ಪೆಡಲಿನಲ್ಲಿ ಕಾಲು ಬಿಡಿಸಿಕೊಳ್ಳಲು ಕೈಯಿಂದಲೇ ಒಂದು ಸನ್ನೆಯನ್ನು ಸರಿಸಬೇಕಿತ್ತು. ಸವಾರರು ಅದಕ್ಕೆ ‘ಸಾವಿನ ಪೆಡಲ್’ ಎಂದು ಅಡ್ಡಹೆಸರಿಟ್ಟರು. ನಿಜವಾದ ತಿರುವು ಬಂದದ್ದು 1984ರಲ್ಲಿ. ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳಿಗೆ ಬೂಟನ್ನು ಹಿಡಿಸುವ ಸಾಧನಗಳನ್ನು ಮಾಡುತ್ತಿದ್ದ ಫ್ರಾನ್ಸಿನ ‘ಲುಕ್’ ಕಂಪನಿ ಅದೇ ತತ್ತ್ವವನ್ನು ಪೆಡಲಿಗೆ ಅಳವಡಿಸಿತು. ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಸಾಕು, ಪಾದ ಬಿಡುಗಡೆ. ಬರ್ನಾರ್ಡ್ ಇನೋ 1985ರ ‘ಟೂರ್ ದ ಫ್ರಾನ್ಸ್’ ಪಂದ್ಯವನ್ನು ಈ ಪೆಡಲಿನ ಮೇಲೆ ಗೆದ್ದ ನಂತರ ಚರ್ಮದ ಪಟ್ಟಿಯ ಯುಗ ಮುಗಿಯುತ್ತ ಬಂತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಪೆಡಲಿನ ಹೆಸರು ‘ಕ್ಲಿಪ್‌ಲೆಸ್’, ಅಂದರೆ ಕ್ಲಿಪ್ ಇಲ್ಲದ್ದು. ಕಾಲನ್ನು ಬಿಗಿಯಾಗಿ ಹಿಡಿಯುವ ವಸ್ತುವಿಗೆ ಇದೆಂಥ ಹೆಸರು ಎಂದು ಯಾರಿಗಾದರೂ ಅನಿಸುತ್ತದೆ. ಹೆಸರಿನಲ್ಲಿ ಇಲ್ಲವೆಂದು ಹೇಳುತ್ತಿರುವುದು ಹಳೆಯ ಟೋ ಕ್ಲಿಪ್ಪನ್ನು ಮಾತ್ರ. ಶಬ್ದದ ಅರ್ಥ ತಿಳಿಯಲು ಅದರ ಚರಿತ್ರೆ ಬೇಕೆಂದು ತರಗತಿಯಲ್ಲಿ ಹೇಳುತ್ತಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ಬೆಟ್ಟದ ಸೈಕಲ್ಲಿನ ಕಥೆ ಬೇರೆ. ಕ್ಯಾಲಿಫೋರ್ನಿಯದ ಮರಿನ್ ಪ್ರಾಂತ್ಯದ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಕಚ್ಚಾರಸ್ತೆಯಲ್ಲಿ ಇಳಿಸುತ್ತಿದ್ದರು. ‘ರೀಪ್ಯಾಕ್’ ಎಂಬ ಅವರ ಮೊದಲ ಪಂದ್ಯ ನಡೆದದ್ದು 1976ರ ಅಕ್ಟೋಬರ್ 21ರಂದು. ಇಳಿಜಾರಿನಲ್ಲಿ ಬ್ರೇಕು ಕಾದು ಹಿಂಚಕ್ರದ ಹಬ್ಬಿನ ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತು. ಮತ್ತೆ ತುಂಬಬೇಕಾದ್ದರಿಂದ ಆ ಹೆಸರು. ಇಪ್ಪತ್ತೇ ವರ್ಷಗಳಲ್ಲಿ, 1996ರ ಅಟ್ಲಾಂಟಾದಲ್ಲಿ, ಈ ಆಟ ಒಲಿಂಪಿಕ್ಸ್ ಸೇರಿತು. ಬೆಟ್ಟದಲ್ಲಿ ಸವಾರನು ಆಗಾಗ ಇಳಿದು ನಡೆಯಬೇಕಾಗುತ್ತದೆ. ಆದ್ದರಿಂದ ಜಪಾನಿನ ಶಿಮಾನೊ ಕಂಪನಿ 1990ರಲ್ಲಿ ‘ಎಸ್‌ಪಿಡಿ’ ಎಂಬ ಕ್ಲಿಪ್‌ಲೆಸ್ ಪೆಡಲನ್ನು ತಂದಿತು. ಅದರ ಶೂವಿನ ಅಡಿಯ ಲೋಹದ ತುಂಡು, ಎಂದರೆ ‘ಕ್ಲೀಟ್’, ಚಿಕ್ಕದು. ಅಟ್ಟೆಯೊಳಗೆ ಹುದುಗಿರುವುದರಿಂದ ನಡೆಯಲು ಅಡ್ಡಿಯಾಗದು.

ಇನ್ನು ನಮ್ಮ ಸೀಮೆಗೆ ಬರೋಣ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತ್ಯದಲ್ಲಿತ್ತು. ಅಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಸಿರುಗುಪ್ಪವೂ ಉಳಿದ ತಾಲ್ಲೂಕುಗಳೂ ಮೈಸೂರಿಗೆ ಬಂದವು, ರಾರಾವಿ ಗಡಿಯೂರಾಯಿತು. ಆ ದಶಕದ ಆಸುಪಾಸಿನಲ್ಲೇ ದೇಶದೊಳಗಿನ ಸೈಕಲ್ ಕಾರ್ಖಾನೆಗಳು ಒಂದೊಂದಾಗಿ ತಲೆಯೆತ್ತಿದವು: ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್ತಿನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೊ. ಇವುಗಳ ಕರಿಯ ಸೈಕಲ್ಲುಗಳ ಪೆಡಲು ಎರಡು ರಬ್ಬರ್ ತುಂಡುಗಳ ಚಪ್ಪಟೆ ಪೆಡಲು. ಅದರ ಮೇಲೆ ಬರಿಗಾಲಿಡಬಹುದು, ಹವಾಯಿ ಚಪ್ಪಲಿಯಿಡಬಹುದು. ಹಾಲಿನ ಕ್ಯಾನು, ಹತ್ತಿಯ ಗಂಟು, ಹುಲ್ಲಿನ ಹೊರೆ ಹೇರಿಕೊಂಡವನು ಗಳಿಗೆಗೊಮ್ಮೆ ಕಾಲು ನೆಲಕ್ಕೂರಲೇಬೇಕು. ಸೀಟು ಎಟುಕದ ಹುಡುಗರು ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಿದ್ದೆವು. ರಬ್ಬರ್ ಸವೆದು ಬರಿಯ ಕಬ್ಬಿಣದ ಕಡ್ಡಿ ಉಳಿದ ಪೆಡಲನ್ನೂ ಅಂಗಾಲಿನ ನಡುವೆ ಸಿಕ್ಕಿಸಿಕೊಂಡು ಓಡಿಸಿದವರಿದ್ದಾರೆ. 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳದ್ದೂ ಚಪ್ಪಟೆ ಪೆಡಲೇ. ಹೆಣ್ಣುಮಕ್ಕಳು ಸಾಲಾಗಿ ಅವನ್ನು ತುಳಿದು ಶಾಲೆಗೆ ಬರುವುದನ್ನು ಕಂಡ ಯಾವ ಶಿಕ್ಷಕನೂ ಆ ಪೆಡಲನ್ನು ಹಗುರವಾಗಿ ಕಾಣಲಾರ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅವನದು ಸೈಕಲ್ ರಿಪೇರಿಯ ಚಿಕ್ಕ ಅಂಗಡಿ. ಮಗ ಬಳ್ಳಾರಿಯಲ್ಲಿ ಕಾಲೇಜು ಓದುತ್ತ, ಗೆಳೆಯರೊಡನೆ ಸಂಡೂರಿನ ಗುಡ್ಡಗಳಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ. 2021ರಲ್ಲಿ ನೆರೆಯ ಗದಗದಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಪಂದ್ಯ ನಡೆದ ಮೇಲೆ ತಾನೂ ಸ್ಪರ್ಧಿಸಬೇಕೆಂಬ ಆಸೆ ಅವನಲ್ಲಿ ಹುಟ್ಟಿತ್ತು.

“ಸಾರ್, ಹುಡುಗ ಕಾಲು ಹಿಡಿಯೋ ಪೆಡಲ್ ಬೇಕಂತಾನೆ. ಶೂ ಸೇರಿ ಹತ್ತು ಸಾವಿರದ ಮೇಲಾಗ್ತದಂತೆ. ರೊಕ್ಕ ಹೆಂಗಾದ್ರೂ ಹೊಂದಿಸ್ತೀನಿ. ಆದ್ರೆ ಗುಡ್ಡದಾಗ ಬಿದ್ರೆ ಕಾಲು ಹೊರಗ ಬರ್ತದಾ ಸಾರ್? ಇರೋದು ಒಬ್ನೇ ಮಗ” ಎಂದ.

ಸುಲಭವಾಗಿ ಉತ್ತರಿಸಬಹುದಾದ ಪ್ರಶ್ನೆ ಅದಾಗಿರಲಿಲ್ಲ. ನಾನು ಒಂದು ವಾರದ ಸಮಯ ಕೇಳಿ, ಸಿಕ್ಕಿದ್ದನ್ನೆಲ್ಲ ಓದಿದೆ.

ಬಿಗಿದ ಪೆಡಲಿನ ಪರವಾಗಿ ಹೇಳುವ ಮುಖ್ಯ ವಾದವೆಂದರೆ, ಕಾಲನ್ನು ಕೆಳಗೆ ಒತ್ತುವುದಲ್ಲದೆ ಮೇಲಕ್ಕೂ ಎಳೆಯಬಹುದು, ಆದ್ದರಿಂದ ಲಾಭ ಇಮ್ಮಡಿ ಎಂಬುದು. ಥಾಮಸ್ ಕಾರ್ಫ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನ ಇದನ್ನು ಅಳೆದು ನೋಡಿತು. ಬೇಕೆಂದೇ ಮೇಲಕ್ಕೆಳೆದು ತುಳಿದಾಗ ಬಲದ ದಿಕ್ಕು ಸುಧಾರಿಸಿತಾದರೂ ಅದೇ ಕೆಲಸಕ್ಕೆ ದೇಹ ಹೆಚ್ಚು ಶಕ್ತಿಯನ್ನು ವ್ಯಯಿಸಿತು. ಆದ್ದರಿಂದ ಇಮ್ಮಡಿ ಲಾಭದ ಮಾತು ನಿಲ್ಲುವುದಿಲ್ಲ. ನಿಲ್ಲುವ ಲಾಭ ಬೇರೊಂದಿದೆ: ಕಲ್ಲುಗಳ ಮೇಲೆ ಸೈಕಲ್ಲು ಕುಣಿಯುವಾಗ ಪಾದ ಪೆಡಲನ್ನು ಬಿಟ್ಟು ಹಾರುವುದಿಲ್ಲ, ವೇಗದ ತುಳಿತದಲ್ಲಿ ಜಾರುವುದಿಲ್ಲ.

ಅದರ ಅಪಾಯವೂ ಅಷ್ಟೇ ನಿಜ. ಹಿಮ್ಮಡಿ ತಿರುಗಿಸುವ ಅಭ್ಯಾಸ ಮೈಗೂಡುವವರೆಗೆ ಹೊಸಬನು ನಿಂತ ಸೈಕಲ್ಲಿನಿಂದಲೇ ಪಕ್ಕಕ್ಕೆ ಉರುಳುತ್ತಾನೆ. ರಸ್ತೆಯಲ್ಲಿ ಅದು ನಗೆಪಾಟಲು. ಗುಡ್ಡದ ಅಂಚಿನಲ್ಲಿ ನಗುವ ವಿಷಯವಲ್ಲ. ನಮ್ಮ ಎರೆಮಣ್ಣಿನ ಸಂಗತಿ ಬೇರೆಯೇ ಇದೆ. ಮಳೆ ಬಿದ್ದ ಎರೆಹೊಲದಲ್ಲಿ ಹತ್ತು ಹೆಜ್ಜೆ ನಡೆದವರಿಗೆ ಗೊತ್ತು, ಪಾದದ ಕೆಳಗೆ ಇನ್ನೊಂದು ಪಾದ ಬೆಳೆಯುತ್ತದೆ. ಅಂಥ ಮಣ್ಣು ಕ್ಲೀಟಿನ ಸುತ್ತ ಗಟ್ಟಿಯಾಗಿ ತುಂಬಿಕೊಂಡರೆ ಅದು ಪೆಡಲಿಗೆ ಸಿಕ್ಕದು. ಸಿಕ್ಕಿದ್ದು ಸರಾಗವಾಗಿ ಬಿಡದಿರಲೂಬಹುದು.

ಚಪ್ಪಟೆ ಪೆಡಲೂ ನಿಂತಲ್ಲೇ ನಿಂತಿಲ್ಲ. ಇಂದಿನ ಬೆಟ್ಟದ ಸೈಕಲ್ಲಿನ ಚಪ್ಪಟೆ ಪೆಡಲು ಅಗಲವಾದ ಲೋಹದ ತಟ್ಟೆ. ಅದರ ತುಂಬ ಚಿಕ್ಕ ಮೊಳೆಗಳು. ಮೆತ್ತನೆಯ ರಬ್ಬರ್ ಅಟ್ಟೆಯನ್ನು ಅವು ಕಚ್ಚಿ ಹಿಡಿಯುತ್ತವೆ. ಜಾರಿದರೆ ಅದೇ ಮೊಳೆಗಳು ಮೊಣಕಾಲ ಕೆಳಗಿನ ಎಲುಬಿನವರೆಗೆ ಗೀರುತ್ತವೆಂಬುದನ್ನೂ ಮರೆಯಬಾರದು. ಇಂಥ ಪೆಡಲು ಕಲಿಯುವವರಿಗೆ ಮಾತ್ರ ಎನ್ನುವವರಿಗೆ ಆಸ್ಟ್ರೇಲಿಯದ ಸ್ಯಾಮ್ ಹಿಲ್ ಉತ್ತರವಾಗಿದ್ದಾನೆ. ಬೆಟ್ಟ ಇಳಿಯುವ ಪಂದ್ಯದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಆತ 2017, 2018, 2019 ಹೀಗೆ ಸತತ ಮೂರು ವರ್ಷ ‘ಎಂಡ್ಯೂರೊ ವರ್ಲ್ಡ್ ಸೀರೀಸ್’ ಗೆದ್ದದ್ದು ಚಪ್ಪಟೆ ಪೆಡಲಿನ ಮೇಲೆ.

ವಾರದ ನಂತರ ನಾನು ಹೇಳಿದ್ದು ಇಷ್ಟು: ಮೊದಲು ಮೊಳೆಯ ಚಪ್ಪಟೆ ಪೆಡಲು ಕೊಡಿಸು, ಒಂದು ಮಳೆಗಾಲ ಗುಡ್ಡ ಕಲಿಯಲಿ. ಇಳಿಜಾರಿನಲ್ಲಿ ಹಿಮ್ಮಡಿಯನ್ನು ಕೆಳಗಿಟ್ಟು ಪೆಡಲಿನ ಮೇಲೆ ಭಾರ ಹಾಕುವುದನ್ನು ಪಾದವೇ ಕಲಿಯಬೇಕು. ಬಿಗಿದ ಕಾಲಿಗೆ ಆ ಪಾಠ ಬೇಗ ಬಾರದು. ಪಂದ್ಯಕ್ಕೆ ಇಳಿಯುವ ಕಾಲ ಬಂದಾಗ ಕ್ಲಿಪ್‌ಲೆಸ್ ಕೊಳ್ಳಲಿ. ಹಿಡಿತದ ಸ್ಪ್ರಿಂಗನ್ನು ಪೂರ್ತಿ ಸಡಿಲಿಸಿ, ಮೆತ್ತನೆಯ ಬಯಲಿನಲ್ಲಿ ನೂರು ಸಲ ಕಾಲು ಬಿಡಿಸುವುದನ್ನು ರೂಢಿಸಿಕೊಂಡ ಮೇಲೆಯೇ ಗುಡ್ಡ ಹತ್ತಲಿ. “ಪೆಡಲ್ ಬದಲಿಸೋದು ನಿನಗೆ ಎಷ್ಟು ಹೊತ್ತಿನ ಕೆಲಸ?” ಎಂದು ಕೇಳಿದೆ. ಅವನ ಮುಖ ಅರಳಿತು. “ಐದು ನಿಮಿಷ ಸಾರ್. ಎಡಗಡೇದು ಉಲ್ಟಾ ತಿರುಪು, ಅಷ್ಟೇ” ಎಂದ.

ಹುಡುಗನಿಗೆ ಮೊದಲು ಬೇಸರವಾಯಿತಂತೆ. ಈಗ ಅವನ ಬಳಿ ಎರಡು ಜೊತೆ ಪೆಡಲುಗಳಿವೆ. ಪಂದ್ಯಕ್ಕೆ ಒಂದು, ಮಳೆಗಾಲಕ್ಕೂ ಹೊಸ ದಾರಿಗಳಿಗೂ ಇನ್ನೊಂದು. ಬದಲಿಸಿ ಕೊಡುವವನು ತಂದೆಯೇ.

ಹೊಸದು ಬಂದಾಗ ಹಳೆಯದು ಅಳಿಯುತ್ತದೆಂದು ನಾವು ಇತಿಹಾಸವನ್ನು ಸರಳಗೊಳಿಸಿ ಕಲಿಸುತ್ತೇವೆ. ಪೆಡಲಿನ ಚರಿತ್ರೆ ಹಾಗೆ ಹೇಳುವುದಿಲ್ಲ. ಅಳಿದದ್ದು ಚರ್ಮದ ಪಟ್ಟಿಯ ಆಳ್ವಿಕೆ. ಅದಕ್ಕಿಂತ ಹಳೆಯದಾದ ಚಪ್ಪಟೆ ಪೆಡಲು ಮೊಳೆ ಬೆಳೆಸಿಕೊಂಡು ಉಳಿಯಿತು. ಸ್ಕೀ ಬೂಟಿನಿಂದ ಬಂದ ಪೆಡಲೂ ಗೆದ್ದದ್ದು ಕಾಲನ್ನು ಹಿಡಿಯುವ ಬಲದಿಂದಲ್ಲ, ಸಮಯಕ್ಕೆ ಬಿಡುವ ಗುಣದಿಂದ. ಹಿಡಿಯುವುದನ್ನು 1895ರ ಹೊತ್ತಿಗೇ ಕಂಡುಕೊಂಡಿದ್ದ ಮನುಷ್ಯನಿಗೆ ಸುಲಭವಾಗಿ ಬಿಡುವುದನ್ನು ಕಲಿಯಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು. ಮಕ್ಕಳನ್ನು ಬೆಳೆಸುವವರೂ ಪಾಠ ಹೇಳುವವರೂ ಈ ಮಾತನ್ನು ಒಂದು ಗಳಿಗೆ ಯೋಚಿಸಬಹುದು.